ಚಿಗರಿ ಎಣಿಸೋ ನೌಕರಿ

ಕಾಡುಪ್ರಾಣಿಗಳನ್ನು ಎಣಿಸಿ ಅಧ್ಯಯನ ಮಾಡೋದು ನನ್ನ ಕೆಲಸ. ಧಾರವಾಡದಲ್ಲಿ ಅದರ ಬಗ್ಗೆ ಹೇಳಿದರೆ ಜನರ ಮೊದಲನೇ ಪ್ರಶ್ನೆ ಏನಿರುತ್ತದೋ ಹೇಳಲಾಗದು. ಹುಲಿ ನೋಡಿದ್ದೀರಾ ಅನ್ನುವವರು ಜಾಸ್ತಿ. ಫಾರೆಸ್ಟ್ ಇಲಾಖೆಯವರಾ ಅಂತ ಕೇಳುವವರೂ ಇದ್ದಾರೆ. ಸಪ್ತಾಪುರದ ಹಿರಿಯರೊಬ್ಬರು, ಮನೆಗೆ ಹಾವು ಬಂದರೆ ಬೇಕಾಗುತ್ತದೆ ಅಂತ ನನ್ನ ನಂಬರ್ ಬರೆದುಕೊಂಡಿದ್ದರು. ಎರಡನೇ ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: "ಖಾಯಂ ಏನ್ರಿ?"

ಅಲ್ಲ. ವನ್ಯಜೀವಿ ವಿಜ್ಞಾನದಲ್ಲಿ ಖಾಯಂ ಹುದ್ದೆಗಳು ಬಹಳ ಕಡಿಮೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಕೆಲವು ವಿಶ್ವವಿದ್ಯಾಲಯಗಳು, ಅಲ್ಲೊಂದು ಇಲ್ಲೊಂದು ಸಂಶೋಧನಾ ಕೇಂದ್ರ. ಉಳಿದವರೆಲ್ಲ ಪ್ರಾಜೆಕ್ಟಿನವರು. ಸರ್ಕಾರವೋ, ಯಾವುದಾದರೂ ಫೌಂಡೇಶನ್ನೋ ದುಡ್ಡು ಕೊಡುತ್ತದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ. ಅದರಲ್ಲೇ ನಮ್ಮ ಪಗಾರ, ಜೀಪಿನ ಡೀಸೆಲ್, ಕ್ಯಾಮೆರಾ, ಹಳ್ಳಿಯಲ್ಲಿ ಹಿಡಿದ ಮನೆಯ ಬಾಡಿಗೆ, ಜೊತೆಗೆ ಓಡಾಡುವ ಸಹಾಯಕರ ಕೂಲಿ. ಮೂರು ವರ್ಷ ಮುಗಿದ ಮೇಲೆ ವರದಿ ಕೊಟ್ಟು ಕೈ ತೊಳೆದುಕೊಳ್ಳಬೇಕು, ಇಲ್ಲವೇ ಹೊಸ ಅರ್ಜಿ ಹಾಕಬೇಕು. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಪಗಾರ ಇಲ್ಲದ ತಿಂಗಳುಗಳೂ ಇರುತ್ತವೆ. ಆಗ ಸಂಬಂಧಿಕರ ಮದುವೆಗೆ ಹೋಗೋದು ಸ್ವಲ್ಪ ಕಷ್ಟ. ನಮ್ಮ ದೊಡ್ಡಮ್ಮ ಊಟದ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ, "ಇಕಿಂದು ಇನ್ನೂ ಓದೋದು ಮುಗದಿಲ್ಲ ನೋಡ್ರಿ" ಅನ್ನುತ್ತಾರೆ. ನನ್ನ ತಲೆಯಲ್ಲಿ ಬಿಳಿ ಕೂದಲು ಬಂದು ಬಹಳ ಕಾಲವಾಯಿತು.

ಯಾವ ಕೋರ್ಸ್ ಓದಬೇಕು ಅಂತ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಅದನ್ನು ಬೇಗ ಹೇಳಿಬಿಡುತ್ತೇನೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಯಾವುದಾದರೂ ನಡೆಯುತ್ತದೆ. ಫಾರೆಸ್ಟ್ರಿ ಬೇಕಿದ್ದರೆ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂ.ಎಸ್ಸಿ. ಮಾಡಬಹುದು. ವನ್ಯಜೀವಿಯಲ್ಲೇ ಎಂ.ಎಸ್ಸಿ. ಬೇಕೆಂದರೆ ಡೆಹ್ರಾಡೂನಿನ ಸಂಸ್ಥೆಯಲ್ಲಿದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ 2004ರಿಂದ ನಡೆಯುತ್ತಿದೆ. ಎರಡೂ ಕಡೆ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ. ಯುಜಿಸಿ-ಸಿಎಸ್‌ಐಆರ್‌ನ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಪರೀಕ್ಷೆ ಪಾಸಾದರೆ ಈಗ ತಿಂಗಳಿಗೆ 37,000 ರೂಪಾಯಿ. 2023ಕ್ಕೆ ಮುಂಚೆ 31,000 ಇತ್ತು. ಯಾವ ದಾರಿ ಹಿಡಿದರೂ ಸ್ಟ್ಯಾಟಿಸ್ಟಿಕ್ಸ್ ಮಾತ್ರ ತಪ್ಪಿಸಿಕೊಳ್ಳಬೇಡಿ. ಪ್ರಾಣಿ ಪ್ರೀತಿ ಇದೆ, ಗಣಿತ ಆಗಲ್ಲ ಅನ್ನುವವರಿಗೆ ಫೋಟೋಗ್ರಫಿ ಒಳ್ಳೆಯದು. ಇದನ್ನು ಬೇಕಂತಲೇ ಸ್ವಲ್ಪ ಖಾರವಾಗಿ ಹೇಳುತ್ತಿದ್ದೇನೆ. ನಮ್ಮ ಕೆಲಸ ಮುಕ್ಕಾಲು ಪಾಲು ಎಣಿಕೆ.

ಎಣಿಕೆ ಅಂದರೆ ಜನ ನಗುತ್ತಾರೆ. ರೋಣದ ಕಡೆ ಹೊಲದಲ್ಲಿ ನಾವು ಚಿಗರಿ, ಅಂದರೆ ಕೃಷ್ಣಮೃಗ, ಎಣಿಸುತ್ತಿದ್ದಾಗ ಒಬ್ಬ ಕುರಿಗಾರ ಅಜ್ಜ ಬಂದು ನಿಂತ. ಬಹಳ ಹೊತ್ತು ನೋಡಿದ. ಕೊನೆಗೆ ತಡೆಯದೆ ಕೇಳಿದ.

"ಏನ್ ಮಾಡಾಕ್ಹತ್ತೀರಿ ಅವ್ವಾರ?"

"ಚಿಗರಿ ಎಣಸಾಕ್ಹತ್ತೀವಿ ಅಜ್ಜಾರ."

"ಅದಕ್ಕ ಪಗಾರ ಕೊಡ್ತಾರೇನು?"

"ಕೊಡ್ತಾರ್ರಿ."

"ಹಂಗಾರ ನಮ್ಮ ಕುರೀನೂ ಎಣಿಸಿಬಿಡ್ರಿ. ದಿನಾ ಸಂಜಿಕ ಎಣಸ್ತೀನಿ, ಒಬ್ಬರೂ ಒಂದ್ ಪೈ ಕೊಟ್ಟಿಲ್ಲ."

ಅಜ್ಜನ ಕುರಿ ಎಣಿಕೆಗೂ ನಮ್ಮ ಚಿಗರಿ ಎಣಿಕೆಗೂ ಒಂದು ವ್ಯತ್ಯಾಸ ಇದೆ. ಅವನ ಕುರಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ನಮಗೆ ಕಾಣದೇ ಉಳಿದವನ್ನೂ ಲೆಕ್ಕಕ್ಕೆ ತರಬೇಕು. ಅದಕ್ಕೆ ನಕ್ಷೆಯ ಮೇಲೆ ಮೊದಲೇ ನೇರ ಗೆರೆಗಳನ್ನು ಎಳೆದುಕೊಳ್ಳುತ್ತೇವೆ. ಬೆಳಗಿನ ಜಾವ ಆ ಗೆರೆಯ ಮೇಲೆ ನಡೆಯುತ್ತೇವೆ. ಹೊಲ ಇರಲಿ, ಹಳ್ಳ ಇರಲಿ, ಜಾಲಿ ಮುಳ್ಳಿರಲಿ, ಗೆರೆ ಬಿಡುವ ಹಾಗಿಲ್ಲ. ಹಿಂಡು ಕಂಡರೆ ನಿಲ್ಲಬೇಕು. ಎಷ್ಟಿವೆ, ಕರಿ ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು ಅಂತ ಬರೆಯಬೇಕು. ರೇಂಜ್‌ಫೈಂಡರಿನಲ್ಲಿ ದೂರ, ದಿಕ್ಸೂಚಿಯಲ್ಲಿ ಕೋನ. ಗೆರೆಯಿಂದ ದೂರ ಹೋದ ಹಾಗೆ ಪ್ರಾಣಿ ಕಾಣೋದು ಕಡಿಮೆಯಾಗುತ್ತದೆ. ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಅನ್ನೋದು ಗೊತ್ತಾದರೆ, ಎಷ್ಟು ತಪ್ಪಿಸಿಕೊಂಡಿವೆ ಅಂತ ಅಂದಾಜು ಮಾಡಬಹುದು. ಇಷ್ಟೇ ವಿದ್ಯೆ. ಮಳೆ ಬಂದ ಮರುದಿನ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಇದನ್ನು ಮಾಡೋದು ಬೇರೆ ವಿದ್ಯೆ. ಬೂಟಿಗೆ ಮಣ್ಣು ಮೆತ್ತಿ ಮೆತ್ತಿ ಕಾಲೆತ್ತಿಡೋದೇ ದೊಡ್ಡ ಕೆಲಸವಾಗುತ್ತದೆ.

ಎಣಿಕೆ ಸರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ರಾಜಸ್ಥಾನದ ಸರಿಸ್ಕಾ ಇದೆ. ಅಲ್ಲಿ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಕಾಗದದ ಮೇಲೆ ಹುಲಿ ಇದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಆಮೇಲೆ ದೇಶವೇ ಲೆಕ್ಕದ ಪದ್ಧತಿ ಬದಲಿಸಿತು. ಕ್ಯಾಮೆರಾದಲ್ಲಿ ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿದು ಲೆಕ್ಕ ಮಾಡುವ ಪದ್ಧತಿಯನ್ನು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ತೋರಿಸಿದ್ದರು. ಹತ್ತು ವರ್ಷ ಯಾರೂ ಹೆಚ್ಚು ಕಿವಿಗೊಡಲಿಲ್ಲ. ನಮ್ಮ ಕ್ಷೇತ್ರದಲ್ಲಿ ಹೀಗೆಯೇ. ಮಾತು ಸರಿ ಇದ್ದರೂ ಸಾಲದು, ಅದನ್ನು ಹಿಡಿದುಕೊಂಡು ಬಹಳ ವರ್ಷ ಅಲ್ಲೇ ಕೂತಿರಬೇಕು.

ನನ್ನ ತಕರಾರು ಇಲ್ಲೇ ಇರೋದು. ಕೂತಿರೋಕೆ ಯಾರೂ ದುಡ್ಡು ಕೊಡಲ್ಲ. ಮೂರು ವರ್ಷ ಓಡಾಡೋಕೆ ಕೊಡುತ್ತಾರೆ.

ನಮ್ಮ ಬಯಲುಸೀಮೆಗೆ ಬಂದರೆ ಅದೂ ಕಷ್ಟ. ಪಶ್ಚಿಮ ಘಟ್ಟ ಅಂದರೆ ಅರ್ಜಿ ಓದುವವರ ಮುಖ ಅರಳುತ್ತದೆ. ಮಳೆಕಾಡು, ಕಪ್ಪೆ, ಆನೆ, ಹುಲಿ. ಗದಗ, ಹಾವೇರಿ, ನವಲಗುಂದ, ರೋಣ ಅಂದರೆ, "ಅಲ್ಲಿ ಏನಿದೆ?" ಅಂತಾರೆ. ಒಂದು ಸಂದರ್ಶನದಲ್ಲಿ ಇದೇ ಮಾತು ಕೇಳಿದ್ದೇನೆ. ಕೇಳಿದವರು ದೊಡ್ಡವರು, ಒಳ್ಳೆಯವರೂ ಹೌದು. ಅವರ ಕಣ್ಣಿಗೆ ಮರ ಇಲ್ಲದ ನೆಲ ಖಾಲಿ ನೆಲ. ಸರ್ಕಾರಿ ದಾಖಲೆಗಳಲ್ಲೂ ನಮ್ಮ ಹುಲ್ಲುಗಾವಲು ಎಷ್ಟೋ ಕಡೆ ಬಂಜರು ಭೂಮಿಯ ಪಟ್ಟಿಯಲ್ಲಿದೆ. ಬಂಜರು ಅಂತ ಬರೆದ ಮೇಲೆ ಮುಂದಿನದು ಸುಲಭ. ಗಿಡ ನೆಡಬಹುದು, ಸೋಲಾರ್ ಹಾಕಬಹುದು, ಗಾಳಿಯಂತ್ರ ನಿಲ್ಲಿಸಬಹುದು. ಯಾರ ಮನಸ್ಸಿಗೂ ನೋವಾಗುವುದಿಲ್ಲ.

ರಾಣೇಬೆನ್ನೂರಿನ ಕಥೆ ಗೊತ್ತಿದ್ದವರಿಗೆ ಇದು ಬರೀ ಮಾತಲ್ಲ. ಅಲ್ಲಿನ ಅಭಯಾರಣ್ಯ 1974ರಲ್ಲಿ ಆಯಿತು. 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕಾಗಿ ಮಾಡಿದ್ದು. ಅಲ್ಲಿ ಇನ್ನೊಂದು ಜೀವವೂ ಇತ್ತು, ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡದಲ್ಲಿ ದೊರೆವಾಯನ ಹಕ್ಕಿ ಅನ್ನುತ್ತಾರೆ. ಹಾರುವ ಹಕ್ಕಿಗಳಲ್ಲಿ ಭಾರಿ ತೂಕದವುಗಳಲ್ಲಿ ಒಂದು. ದೊಡ್ಡ ಗಂಡು ಹಕ್ಕಿ ಹದಿನೈದು ಕೇಜಿ ತೂಗುತ್ತದೆ. ನಿಂತರೆ ಒಂದು ಮೀಟರ್ ಎತ್ತರ. ಅಷ್ಟು ದೊಡ್ಡ ಹಕ್ಕಿಗೆ ಬಯಲೇ ಬೇಕು. ದೂರ ಕಾಣಬೇಕು, ಓಡಾಡೋಕೆ ಹುಲ್ಲು ಬೇಕು, ಬರಿ ನೆಲದ ಮೇಲೆ ಮೊಟ್ಟೆ ಇಡಬೇಕು. ಅಂಥ ಬಯಲಿನ ಬಹುಪಾಲು ನೀಲಗಿರಿ ತೋಪಾಯಿತು. ಬಸ್ಟರ್ಡ್ ಹೋಗೋಕೆ ಅದೊಂದೇ ಕಾರಣ ಅಲ್ಲ. ಬೇಟೆ ಇತ್ತು, ಸುತ್ತಲಿನ ಬೇಸಾಯ ಬದಲಾಯಿತು. ಆದರೆ ಹುಲ್ಲಿನ ಹಕ್ಕಿಯ ಮನೆಯೊಳಗೆ ನಾವೇ ಸಾಲು ಹಿಡಿದು ಮರ ನೆಟ್ಟೆವು. ಅರಣ್ಯ ಬೆಳೆಸಿದೆವು ಅಂತ ಖುಷಿಯನ್ನೂ ಪಟ್ಟೆವು.

ಇಡೀ ದೇಶದಲ್ಲಿ 1969ರಲ್ಲಿ ಸುಮಾರು 1,260 ಬಸ್ಟರ್ಡ್ ಇದ್ದವು ಅಂತ ಅಂದಾಜು. ಈಗ 150ಕ್ಕಿಂತ ಕಡಿಮೆ. ಬಹುತೇಕ ಎಲ್ಲವೂ ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಅನ್ನುವ ಸ್ಥಿತಿ. ಈ ಹಕ್ಕಿಯನ್ನೇ ರಾಷ್ಟ್ರಪಕ್ಷಿ ಮಾಡಬೇಕು ಅಂತ ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ದರು. 1963ರಲ್ಲಿ ನವಿಲಿಗೆ ಆ ಪಟ್ಟ ಸಿಕ್ಕಿತು. ನವಿಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಬಂಕಾಪುರದ ಕೋಟೆಯಲ್ಲಿ ಬೆಳಗ್ಗೆ ಆರಕ್ಕೆ ನವಿಲು ನೋಡೋದು ಹಾವೇರಿ ಜಿಲ್ಲೆಯ ದೊಡ್ಡ ಸುಖಗಳಲ್ಲಿ ಒಂದು.

ಬಸ್ಟರ್ಡ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ನಾಯಿ, ನರಿ, ಕಾಗೆ, ಕುರಿ ಹಿಂಡಿನ ಕಾಲು, ಎಲ್ಲದರಿಂದ ಅದು ಉಳಿಯಬೇಕು. ಮರಿ ದೊಡ್ಡದಾಗಿ ಜೋಡಿಯಾಗೋಕೆ ಮತ್ತೆ ವರ್ಷಗಳು. ದೊಡ್ಡದಾದ ಮೇಲೂ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ, ಯಾಕಂದರೆ ಹಾರುವಾಗ ಅದಕ್ಕೆ ನೇರ ಮುಂದೆ ಚೆನ್ನಾಗಿ ಕಾಣುವುದಿಲ್ಲ. ಅಂಥ ಹಕ್ಕಿಯ ಮೇಲೆ ಮೂರು ವರ್ಷದ ಪ್ರಾಜೆಕ್ಟ್ ಮಾಡಿದರೆ ಒಂದು ಹೆಣ್ಣು ಹಕ್ಕಿ ಮೂರು ಮೊಟ್ಟೆ ಇಡೋದು ನೋಡಬಹುದು, ಅದೃಷ್ಟ ಇದ್ದರೆ. ಅದರಿಂದ ಏನು ಹೇಳೋದು? ಆದರೂ ವರದಿಯ ಕೊನೆಯಲ್ಲಿ ಸಲಹೆಗಳು ಅಂತ ಒಂದು ಅಧ್ಯಾಯ ಬರೆಯಲೇಬೇಕು.

ನೀಲಗಿರಿಯ ವಿಷಯದಲ್ಲಿ ವಿಜ್ಞಾನಿಗಳಿಗಿಂತ ಮೊದಲು ಎದ್ದವರು ರೈತರು. 1980ರ ದಶಕದಲ್ಲಿ ನಮ್ಮ ಕಡೆಯ ಊರೊಟ್ಟಿನ ಜಮೀನುಗಳನ್ನು, ದನ ಮೇಯುವ ಗಾಯರಾಣಗಳನ್ನು, ಕಾಗದದ ತಿರುಳಿಗೆ ನೀಲಗಿರಿ ಬೆಳೆಸೋಕೆ ಸರ್ಕಾರ ಒಂದು ಕಂಪನಿಗೆ ಕೊಟ್ಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ಕಂಪನಿಯ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಚಳವಳಿ ಅಂತ ಅದರ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಮುಂದೆ ನಿಂತಿತ್ತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಮುಚ್ಚಿತು. ನಾನು ಎಂ.ಎಸ್ಸಿ. ಓದಿದ ಎರಡು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ಚಿಪ್ಕೋ ಬಗ್ಗೆ ಮಾತ್ರ ಹತ್ತು ಮಾರ್ಕಿನ ಪ್ರಶ್ನೆ ಇತ್ತು.

ಕಪ್ಪತಗುಡ್ಡವೂ ಹಾಗೆಯೇ. ಗದಗಿನ ಆ ಗುಡ್ಡಗಳಲ್ಲಿ ಔಷಧಿ ಗಿಡ ಬಹಳ. ತೋಳ, ಕತ್ತೆಕಿರುಬ, ಕಲ್ಲು ಸಂದಿಯಲ್ಲಿ ಚಿರತೆ. ಅಡಿಯಲ್ಲಿ ಚಿನ್ನ ಇದೆ ಅನ್ನೋದು ಅದರ ದುರದೃಷ್ಟ. 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. ಮರುವರ್ಷ ಆ ಘೋಷಣೆಯನ್ನು ವಾಪಸ್ ತಗೊಂಡರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಧರಣಿಗೆ ಕೂತರು. ರೈತರು, ಕಾಲೇಜು ಹುಡುಗರು, ಸಾಹಿತಿಗಳು ಎಲ್ಲ ಬಂದರು. 2017ರಲ್ಲಿ ಮತ್ತೆ ಮೀಸಲು ಪ್ರದೇಶವಾಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ.

ಈ ಹೋರಾಟದಲ್ಲಿ ವಿಜ್ಞಾನದ ಪಾಲು ಎಷ್ಟು? ವೇದಿಕೆ ಮೇಲೆ ನಮ್ಮವರು ಯಾರೂ ಇರಲಿಲ್ಲ. ಆದರೆ ಇಂಥ ಗುಡ್ಡವನ್ನು ಉಳಿಸಿ ಅಂತ ಸರ್ಕಾರಕ್ಕೆ ಬರೆಯುವಾಗ ಜೊತೆಗೆ ಏನಾದರೂ ಲಗತ್ತಿಸಬೇಕಾಗುತ್ತದೆ. ಇಲ್ಲಿ ಇಂಥ ಗಿಡ ಇದೆ, ಇಂಥ ಪ್ರಾಣಿ ಇದೆ ಅನ್ನುವ ಪಟ್ಟಿ. ಅಂಥ ಪಟ್ಟಿಗಳನ್ನು ಯಾರೋ ಸಸ್ಯಶಾಸ್ತ್ರದ ಮೇಷ್ಟ್ರು ರವಿವಾರ ರವಿವಾರ ಗುಡ್ಡ ಹತ್ತಿ ಮಾಡಿರುತ್ತಾರೆ. ಯಾವ ಪ್ರಾಜೆಕ್ಟೂ ಇರೋದಿಲ್ಲ. ಬಸ್ ಚಾರ್ಜ್ ಸ್ವಂತದ್ದು, ಬುತ್ತಿ ಮನೆಯದು. ಆ ಮೇಷ್ಟ್ರ ಕೆಲಸ ಅಂತರರಾಷ್ಟ್ರೀಯ ಜರ್ನಲ್ಲಿನಲ್ಲಿ ಬರುವುದಿಲ್ಲ. ಪ್ರಮೋಶನ್ನಿಗೆ ಪಾಯಿಂಟ್ ಸಿಗುವುದಿಲ್ಲ. ಫೈಲು ಮಂತ್ರಿಗಳ ಟೇಬಲ್ಲಿಗೆ ಹೋದಾಗ ಒಳಗಿರೋದು ಮಾತ್ರ ಅದೇ ಪಟ್ಟಿ.

ತೋಳದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ನನ್ನ ಬದುಕಿನ ಒಳ್ಳೆಯ ವರ್ಷಗಳು ಅದರ ಹಿಂದೆಯೇ ಹೋಗಿವೆ.

ಭಾರತದಲ್ಲಿ ಹುಲಿ ಎಷ್ಟು ಅಂತ ಕೇಳಿದರೆ ಶಾಲೆ ಮಕ್ಕಳೂ ಹೇಳುತ್ತಾರೆ. 2022ರ ಗಣತಿಯ ಸರಾಸರಿ ಅಂದಾಜು 3,682. ತೋಳ ಎಷ್ಟು? ಅದೇ ವರ್ಷದ ಒಂದು ಅಂದಾಜು ಸುಮಾರು 3,100. ಹುಲಿಗಿಂತ ಕಡಿಮೆ! ಹುಲಿಗೆ 1973ರಿಂದ ರಾಷ್ಟ್ರೀಯ ಯೋಜನೆ ಇದೆ. ತೋಳಕ್ಕೆ ಅಂಥದ್ದೇನೂ ಇಲ್ಲ. ಇರೋದು ಕುರಿಗಾರರ ಹಿಂಡು, ಕೊಯ್ದ ಹೊಲ, ಅಲ್ಲೊಂದು ಇಲ್ಲೊಂದು ಕಲ್ಲುಗುಡ್ಡ. ಹಗಲು ಗುಡ್ಡದ ನೆರಳಲ್ಲಿ ಮಲಗಿ ರಾತ್ರಿ ಹೊಲದ ಬದುವಿನ ಮೇಲೆ ಮೈಲಿಗಟ್ಟಲೆ ಓಡುತ್ತದೆ. ಅಭಯಾರಣ್ಯದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ತೋಳದ ಅಧ್ಯಯನ ಅಂದರೆ ಅರ್ಧ ಕುರಿಗಾರರ ಅಧ್ಯಯನ.

ಕುರಿಗಾರರು ಸುಲಭಕ್ಕೆ ಮಾತಾಡುವುದಿಲ್ಲ. ತೋಳ ಎಲ್ಲಿ ಮರಿ ಹಾಕಿದೆ ಅಂತ ಅವರಿಗೆ ಗೊತ್ತಿರುತ್ತದೆ. ನಮಗೆ ಯಾಕೆ ಹೇಳಬೇಕು? ಹೇಳಿದರೆ ಇಲಾಖೆಯವರು ಬರುತ್ತಾರೆ, ಮೇಯಿಸೋದು ಬಂದ್ ಆಗುತ್ತದೆ ಅನ್ನುವ ಹೆದರಿಕೆ. ಇನ್ನು ಕೆಲವರು ಬೇರೆ ಕಾರಣಕ್ಕೆ ಕೇಳಿಕೊಂಡು ಬಂದಿರುತ್ತಾರೆ, ಬಿಲಕ್ಕೆ ಹೊಗೆ ಹಾಕೋಕೆ. ಹಿಂಡು ಯಾರ ಹೊಲದಲ್ಲಿ ತರುಬಿದೆ ಅಂತ ಕೇಳಿಕೊಂಡು ಸಂಜೆ ಹೋಗಿ ಕೂರಬೇಕು. ರೊಟ್ಟಿ, ಹಿಂಡಿ ಕೊಟ್ಟರೆ ತಿನ್ನಬೇಕು. ಕುರಿಯ ರೋಗ, ಮಗಳ ಮದುವೆ, ಹೊಲದವರು ಗೊಬ್ಬರಕ್ಕೆ ಕೊಡಬೇಕಾದ ಜೋಳ ಇನ್ನೂ ಕೊಟ್ಟಿಲ್ಲ, ಎಲ್ಲ ಕೇಳಬೇಕು. ಮೊದಲನೇ ವರ್ಷ ತೋಳದ ಸುದ್ದಿ ಒಂದೂ ಬರಲಿಲ್ಲ. ಎರಡನೇ ವರ್ಷ ಒಬ್ಬಾತ ತಾನಾಗಿ ಫೋನ್ ಮಾಡಿ, "ಅಕ್ಕಾರ, ರಾತ್ರಿ ಎರಡು ಮರಿ ಒಯ್ತು. ಬಂದು ನೋಡ್ತೀರೇನು?" ಅಂದ. ಆಮೇಲೆ ಎಲ್ಲರೂ ಹೇಳೋಕೆ ಶುರು ಮಾಡಿದರು. ಮೂರನೇ ವರ್ಷ ನಮ್ಮ ಹತ್ತಿರ ನಿಜವಾದ ಮಾಹಿತಿ ಇತ್ತು. ಆ ವರ್ಷದ ಮಾರ್ಚಿಗೆ ದುಡ್ಡು ಮುಗಿಯಿತು.

ಅದೇ ವಿಷಯಕ್ಕೆ ಮತ್ತೆ ಅರ್ಜಿ ಹಾಕಿದೆ. "ಹೊಸತೇನಿದೆ?" ಅಂತ ಬರೆದು ವಾಪಸ್ ಕಳಿಸಿದರು. ಅದೇ ತೋಳ, ಅದೇ ಗುಡ್ಡ, ನಾಲ್ಕನೇ ವರ್ಷ — ಅವರ ಲೆಕ್ಕದಲ್ಲಿ ಹೊಸತೇನೂ ಇಲ್ಲ ನಿಜ. ಹಾಗಾಗಿ ಮುಂದಿನ ಅರ್ಜಿಯನ್ನು ನರಿಯ ಹೆಸರಲ್ಲಿ ಬರೆದೆ. ಅದೇ ಗುಡ್ಡ, ಅದೇ ಕುರಿಗಾರರು, ನರಿಯ ಜೊತೆ ತೋಳವನ್ನೂ ನೋಡಿಕೊಂಡೆವು. ನಮ್ಮ ವೃತ್ತಿಯಲ್ಲಿ ಹೀಗೆ ವೇಷ ಬದಲಿಸಿಕೊಂಡು ಒಂದೇ ಊರಲ್ಲಿ ಉಳಿದವರು ನನಗೆ ಎಷ್ಟೋ ಜನ ಗೊತ್ತು. ಪ್ರಾಣಿ ಬದಲಾಗುತ್ತದೆ, ಜಾಗ ಬಿಡುವುದಿಲ್ಲ. ಇದನ್ನು ಯಾರೂ ಬಹಿರಂಗವಾಗಿ ಒಪ್ಪಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದಷ್ಟು ಸೇರಿಸಬೇಕು. ಹಳ್ಳಿಯಲ್ಲಿ ಮನೆ ಬಾಡಿಗೆಗೆ ಕೇಳಿದಾಗ, "ಒಬ್ಬಾಕಿನ ಇರ್ತೀರೇನು? ಮನಿಯವರು?" ಅಂತಾರೆ. ರಾತ್ರಿ ಹನ್ನೊಂದಕ್ಕೆ ಜೀಪಿನಲ್ಲಿ ಹೋಗಿ ನಾಲ್ಕಕ್ಕೆ ಬರುವ ಹೆಂಗಸಿನ ಬಗ್ಗೆ ಓಣಿಯಲ್ಲಿ ಏನೇನು ಮಾತು ಬರುತ್ತವೋ ಊಹಿಸಿಕೊಳ್ಳಿ. ನನ್ನನ್ನು ಉಳಿಸಿದವರು ಮನೆ ಯಜಮಾನಿ. "ಅವರು ಸರ್ಕಾರದ ಕೆಲಸಕ್ಕ ಬಂದಾರ" ಅಂತ ಸುಳ್ಳು ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಅವರು ಮಾಡಿಕೊಡುತ್ತಿದ್ದ ಕಟಕ ರೊಟ್ಟಿ ನನ್ನ ಪ್ರಬಂಧದ ಕೃತಜ್ಞತೆ ಪುಟದಲ್ಲಿದೆ.

ಇನ್ನೊಂದು ಕಷ್ಟ ನಾನು ಹುಟ್ಟಿದ ಮನೆಯದೇ. ನಮ್ಮದು ರೋಣ ತಾಲೂಕು, ಎರಿ ಹೊಲ. ಅಪ್ಪ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಹಾಕುತ್ತಿದ್ದರು. ಕಡಲೆ ಚಿಗುರುವಾಗ ಚಿಗರಿ ಹಿಂಡು ಬಂದರೆ ಒಂದು ರಾತ್ರಿಯಲ್ಲಿ ಹೊಲದ ಒಂದು ಮೂಲೆ ನುಣ್ಣಗಾಗುತ್ತಿತ್ತು. ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಪರಿಹಾರಕ್ಕೆ ಉತಾರ (ಪಹಣಿ) ತೆಗೆಸಬೇಕು, ಫೋಟೋ ಹಚ್ಚಬೇಕು, ಪಾಸ್‌ಬುಕ್ ಝೆರಾಕ್ಸ್ ಕೊಡಬೇಕು, ಎರಡು ಮೂರು ಸಲ ಅಡ್ಡಾಡಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು ಲೆಕ್ಕ ಹಾಕಿದ ಅಪ್ಪ ಅರ್ಜಿಯನ್ನೇ ಕೊಡುತ್ತಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಾಗ ಅಪ್ಪ, "ಆ ಚಿಗರಿ ರೊಕ್ಕ ಕೊಟ್ರ ಕರಕೊಂಡ ಹೊಕ್ಕತಿ, ಈ ಚಿಗರಿ ರೊಕ್ಕ ತಿಂದ ಹೊಕ್ಕತಿ" ಅಂದಿದ್ದರು.

ಅಂಥ ಮನೆಯ ಮಗಳು ಹಳ್ಳಿ ಸಭೆಯಲ್ಲಿ ಎದ್ದು ನಿಂತು ಕೃಷ್ಣಮೃಗ ಉಳಿಸಿ ಅನ್ನಬೇಕು. ಕೃಷ್ಣಮೃಗ ಕೊಂದರೆ ಜೈಲು ಅನ್ನುವ ಕಾನೂನು 1972ರಿಂದ ಇದೆ, ಅದು ಇರಬೇಕಾದ್ದೇ. ಆದರೆ ಕಡಲೆ ಹೋದವನ ಮುಂದೆ ಕಾನೂನಿನ ಕಲಂ ಓದುವ ಸಂರಕ್ಷಣಾವಾದಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಎಷ್ಟು ಬೆಳೆ ಹೋಯಿತು ಅನ್ನೋದೂ ವಿಜ್ಞಾನವೇ. ಅದನ್ನೂ ಅಳೆಯಬೇಕು, ಅದನ್ನೂ ಪ್ರಕಟಿಸಬೇಕು. ನಮ್ಮ ತಂಡ ಚಿಗರಿ ಎಣಿಸುವ ಗೆರೆಗಳ ಮೇಲೆಯೇ ಬೆಳೆ ಹಾನಿಯನ್ನೂ ಬರೆಯಲು ಶುರು ಮಾಡಿದ ಮೇಲೆ ಹೊಲದವರು ನಮ್ಮನ್ನು ನೋಡುವ ರೀತಿಯೇ ಬದಲಾಯಿತು. ಚಹಾ ಸಿಗಲಾರಂಭಿಸಿತು.

ಮಾಗಡಿ ಕೆರೆಯ ಕಡೆ ಮಾತ್ರ ಮನಸ್ಸು ಸ್ವಲ್ಪ ಹಗುರ. ಶಿರಹಟ್ಟಿ ತಾಲೂಕಿನ ಈ ಕೆರೆ ನೀರಾವರಿಗೆ ಅಂತ ಮಾಡಿದ್ದು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿಕೊಂಡು. ಈ ಹಕ್ಕಿಗಳು ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದನ್ನು ಉಪಕರಣ ಕಟ್ಟಿ ದಾಖಲಿಸಿದ್ದಾರೆ. ಅಲ್ಲಿ ಗಾಳಿ ತೆಳು. ಇವುಗಳ ರಕ್ತದ ಹಿಮೋಗ್ಲೋಬಿನ್ ಸಿಕ್ಕಷ್ಟು ಆಮ್ಲಜನಕವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟು ದೂರದಿಂದ ಬಂದು ಹಗಲು ಕೆರೆಯಲ್ಲಿ ಕೂತು, ರಾತ್ರಿ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಇಳಿಯುತ್ತವೆ. ಊರವರು ಗೊಣಗುತ್ತಾರೆ, ಆದರೆ ಓಡಿಸುವವರು ಕಡಿಮೆ. ಹಿಕ್ಕೆ ಹೊಲಕ್ಕೆ ಒಳ್ಳೆಯದು ಅನ್ನುವವರೂ ಇದ್ದಾರೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಂಕಸಮುದ್ರ, ಅಘನಾಶಿನಿ ಅಳಿವೆಯ ಜೊತೆಗೆ.

ಅಲ್ಲಿ ನನಗೆ ಇಷ್ಟವಾಗೋದು ಜನವರಿಯ ಎಣಿಕೆ. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತದೆ. ಇದನ್ನು ಮಾಡುವವರು ಪಗಾರದ ವಿಜ್ಞಾನಿಗಳಲ್ಲ. ಶಾಲೆ ಮಾಸ್ತರು, ಬ್ಯಾಂಕಿನವರು, ಫೋಟೋ ತೆಗೆಯುವ ಡಾಕ್ಟರು, ಅರಣ್ಯ ಇಲಾಖೆಯ ವಾಚರ್. ಇಂಥವರು ವರ್ಷ ವರ್ಷ ಹೋಗಿ ಎಣಿಸುವುದರಿಂದ ಒಂದು ಕೆರೆಯಲ್ಲಿ ಹಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಲು ಬರುತ್ತದೆ. ಒಂದು ವರ್ಷ ಮಳೆ ಇಲ್ಲದೆ ಕೆರೆ ಬತ್ತಿದರೆ ಹಕ್ಕಿ ಬೇರೆ ಕಡೆ ಹೋಗುತ್ತವೆ. ಬರೀ ಆ ವರ್ಷ ನೋಡಿದವರು ಸಂತತಿ ನಾಶ ಅಂತ ಬರೆಯುತ್ತಾರೆ. ಹತ್ತಾರು ವರ್ಷದ ಲೆಕ್ಕ ಇದ್ದವರು ನಕ್ಕು ಸುಮ್ನಾಗುತ್ತಾರೆ. ಅಲ್ಲಿನ ಒಬ್ಬ ವಾಚರ್ ಹತ್ತಿರ ಮೊದಲ ಹಿಂಡು ಬಂದ ದಿನ, ಕೊನೆಯ ಹಿಂಡು ಹೋದ ದಿನ ಬರೆದಿಟ್ಟ ನೋಟ್‌ಬುಕ್ ಇದೆ. ಅದು ನನ್ನ ಪಿಎಚ್‌ಡಿಗಿಂತ ಬೆಲೆಯುಳ್ಳದ್ದು ಅಂತ ಒಮ್ಮೆ ಹೇಳಿದೆ. ಆತ ನಂಬಲಿಲ್ಲ. "ಹಂಗಾರ ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಳ್ಳಲೇನ್ರಿ ಮೇಡಂ?" ಅಂದ.

ಇತ್ತೀಚೆಗೆ ನಾನು ಮಾಡುತ್ತಿರೋದು ಇದನ್ನು ನೋಡಿಯೇ. ನಮ್ಮ ಚಿಗರಿ ಗೆರೆಗಳನ್ನು ಈಗಿನ ಪ್ರಾಜೆಕ್ಟ್ ಮುಗಿಯುವ ಮೊದಲೇ ಪಕ್ಕದ ಊರಿನ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಪ್ಪಿಸುತ್ತಿದ್ದೇನೆ. ನಕ್ಷೆ, ಫಾರಂ, ಎರಡು ಹಳೇ ರೇಂಜ್‌ಫೈಂಡರ್, ಹಿಂದಿನ ವರ್ಷಗಳ ಎಲ್ಲ ಲೆಕ್ಕ. ಪ್ರತಿ ಜನವರಿ ಬಿ.ಎಸ್ಸಿ. ಹುಡುಗರು ಅದೇ ಗೆರೆಗಳ ಮೇಲೆ ನಡೆಯಬೇಕು. ನನಗೆ ದುಡ್ಡು ಬರಲಿ ಬಿಡಲಿ, ನಾನು ಈ ಊರಲ್ಲಿ ಇರಲಿ ಬಿಡಲಿ. ಇದರಲ್ಲಿ ತಪ್ಪುಗಳು ಆಗುತ್ತವೆ ಅಂತ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಆಗುತ್ತವೆ. ಪ್ರತಿ ವರ್ಷ ಒಂದೇ ಥರ ಆಗುವ ತಪ್ಪನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಎಣಿಸದೇ ಬಿಟ್ಟ ವರ್ಷವನ್ನು ಆಮೇಲೆ ಹೋಗಿ ಎಣಿಸಲು ಬರುವುದಿಲ್ಲ.

ಪ್ರಿನ್ಸಿಪಾಲರು ಒಪ್ಪಿದರು, ಆದರೆ ಒಂದು ಪ್ರಶ್ನೆ ಎತ್ತಿದರು. "ಇದಕ್ಕ ಎಷ್ಟು ಮಾರ್ಕ್ಸ್ ರಿ ಮೇಡಂ?" ಮಾರ್ಕ್ಸ್ ಇಲ್ಲದಿದ್ದರೆ ಹುಡುಗರು ಬರುವುದಿಲ್ಲ ಅನ್ನೋದು ಅವರ ಅನುಭವ. ಯೂನಿವರ್ಸಿಟಿಯಿಂದ ಸುತ್ತೋಲೆ ತರಿಸಬೇಕು ಅಂದರು. ಪತ್ರ ಬರೆದಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಈ ಜನವರಿಯಲ್ಲಿ ಮಾರ್ಕ್ಸ್ ಇಲ್ಲದೆಯೇ ಒಂದು ಟೆಂಪೋ ತುಂಬ ಹುಡುಗ ಹುಡುಗಿಯರು ಬಂದರು. ಗಿರ್ಮಿಟ್, ಮಿರ್ಚಿ ಕೊಡಿಸುತ್ತೇನೆ ಅಂತ ಮೊದಲೇ ಹೇಳಿದ್ದೆ. ಆ ಬಿಲ್ಲನ್ನು ಪ್ರಾಜೆಕ್ಟಿನ ಯಾವ ಕಾಲಂನಲ್ಲಿ ತೋರಿಸೋದು ಅಂತ ಅಕೌಂಟ್ಸ್ ವಿಭಾಗದವರ ಜೊತೆ ಇನ್ನೂ ಮಾತುಕತೆ ನಡೆದಿದೆ.